ನೋಟಿಸ್ ಬೋರ್ಡಿನಲ್ಲಿ ಇಲ್ಲದ ರಜೆಗಳು

ವರ್ಷದ ಕೊನೆ ಬಂತು ಅಂದ್ರೆ ಮುಂದಿನ ವರ್ಷದ ಸರ್ಕಾರಿ ರಜೆಗಳ ಪಟ್ಟಿ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡೋಕೆ ಶುರುವಾಗುತ್ತೆ. ನಾವೆಲ್ಲ ಮೊದಲು ನೋಡೋದು ಒಂದೇ: ಎಷ್ಟು ರಜೆ ಭಾನುವಾರಕ್ಕೆ ಬಿದ್ದು ಹಾಳಾಗಿದೆ, ಎಷ್ಟು ಶುಕ್ರವಾರಕ್ಕೋ ಸೋಮವಾರಕ್ಕೋ ಬಂದು ಲಾಂಗ್ ವೀಕೆಂಡ್ ಆಗಿದೆ. ಆಮೇಲೆ ಟ್ರಿಪ್ ಪ್ಲಾನ್. ಈ ಪಟ್ಟಿ ನಂಬಿ ಮಡಿಕೇರಿಗೆ ಹೋಗಬಹುದು, ಗೋಕರ್ಣಕ್ಕೆ ಹೋಗಬಹುದು. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಹಬ್ಬ ನೋಡೋಕೆ ಹೋಗೋದಾದ್ರೆ ಈ ಪಟ್ಟಿ ಅರ್ಧ ಕೆಲಸಕ್ಕೂ ಬರಲ್ಲ. ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುವ ದಿನ ಅದರಲ್ಲಿ ಇಲ್ಲ. ಎತ್ತುಗಳಿಗೆ ಬಣ್ಣ ಬಳಿದು ಓಡಿಸುವ ದಿನ ಇಲ್ಲ. ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ ಕೂಡ ಇಲ್ಲ.

ನಾನು ಸಿಂದಗಿ ಕಡೆಯವನು. ಹಾಸ್ಟೆಲ್‌ನಲ್ಲಿ ಗೆಳೆಯರು "ನಿಮ್ಮೂರಿಗೆ ಯಾವಾಗ ಕರ್ಕೊಂಡು ಹೋಗ್ತೀಯೋ" ಅಂತ ಕೇಳಿದಾಗೆಲ್ಲ ನಾನು ಹೇಳೋ ದಿನ ಅವರ ಕ್ಯಾಲೆಂಡರ್‌ನಲ್ಲಿ ಕಪ್ಪು ಅಂಕಿಯಲ್ಲೇ ಇರುತ್ತೆ. ಹಾಗಾಗಿ ಯಾವಾಗ ಹೋಗಬೇಕು, ಹೋದ್ರೆ ಅಲ್ಲಿ ಏನು ನಡೆಯುತ್ತೆ, ನಾವು ಹೇಗಿರಬೇಕು ಅನ್ನೋದನ್ನ ಒಂದು ಕಡೆ ಬರೆದಿಡೋಣ ಅನ್ನಿಸ್ತು.

ಮೊದಲು ಸ್ವಲ್ಪ ಲೆಕ್ಕ, ಇದು ಗೊತ್ತಿಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ನಮ್ಮ ಕಡೆ ಹೆಚ್ಚಿನ ಹಬ್ಬ ಹುಣ್ಣಿಮೆ ಅಥವಾ ಅಮಾವಾಸ್ಯೆಗೆ ಬರ್ತವೆ. ಚಂದ್ರನ 12 ತಿಂಗಳು ಸೇರಿದ್ರೆ ಸುಮಾರು 354 ದಿನ, ಸೂರ್ಯನ ವರ್ಷ 365 ದಿನ. ವರ್ಷಕ್ಕೆ 11 ದಿನದ ಎರರ್. ಇದನ್ನು ಹಾಗೇ ಬಿಟ್ರೆ ಬಿತ್ತನೆ ಕಾಲದ ಹಬ್ಬ ಕೆಲವೇ ವರ್ಷದಲ್ಲಿ ಸುಗ್ಗಿಯಲ್ಲಿ ಹೋಗಿ ನಿಲ್ಲುತ್ತೆ. ಅದಕ್ಕೇ ಎರಡೂವರೆಯಿಂದ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸ್ತಾರೆ. ಎರರ್ ಜಮಾ ಆಗ್ತಾ ಹೋಗುತ್ತೆ, ಮಿತಿ ದಾಟಿದ ತಕ್ಷಣ ಒಂದು ಕರೆಕ್ಷನ್. 2023ರಲ್ಲಿ ಶ್ರಾವಣ ಎರಡು ಸಲ ಬಂತು, 2026ರಲ್ಲಿ ಜ್ಯೇಷ್ಠ ಎರಡು ಸಲ. ಪರಿಣಾಮ ಏನು ಅಂದ್ರೆ, 2025ರಲ್ಲಿ ಜೂನ್ ಎರಡನೇ ವಾರಕ್ಕೆ ಬಂದ ಕಾರಹುಣ್ಣಿಮೆ 2026ರಲ್ಲಿ ಜೂನ್ ಕೊನೆಗೆ ಹೋಗುತ್ತೆ. ಎಳ್ಳಮಾವಾಸ್ಯೆಯ ಕತೆ ಇನ್ನೂ ಮಜಾ ಇದೆ. 2025ರಲ್ಲಿ ಅದು ಡಿಸೆಂಬರ್ 19ಕ್ಕೆ ಬಂತು, ಅದರ ಮುಂದಿನದು 2027ರ ಜನವರಿ 7ಕ್ಕೆ. ಅಂದ್ರೆ 2026 ಅನ್ನೋ ಇಸವಿಯಲ್ಲಿ ಎಳ್ಳಮಾವಾಸ್ಯೆಯೇ ಇಲ್ಲ! ಇಂಗ್ಲಿಷ್ ಕ್ಯಾಲೆಂಡರ್ ಹಿಡಿದು ಹುಡುಕಿದವನಿಗೆ ಹಬ್ಬವೇ ಸಿಗಲ್ಲ. ಹಿಜ್ರಿ ಕ್ಯಾಲೆಂಡರ್‌ನಲ್ಲಿ ಈ ಕರೆಕ್ಷನ್ ಇಲ್ಲ, ಹಾಗಾಗಿ ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರೀತಾ ಸುಮಾರು 33 ವರ್ಷದಲ್ಲಿ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತೆ. ಸಂಕ್ರಾಂತಿ ಒಂದೇ ಸೂರ್ಯನ ಲೆಕ್ಕ, ಜನವರಿ 14 ಅಥವಾ 15 ಬಿಟ್ಟು ಅಲ್ಲಾಡಲ್ಲ.

ಸರ್ಕಾರದ ದಿನ ಒಂದು, ಜನರ ದಿನ ಇನ್ನೊಂದು ಅನ್ನೋದು ನಮ್ಮಲ್ಲಿ ಮಾತ್ರ ಇರೋದಲ್ಲ. ಪೆಸಿಫಿಕ್ ಸಾಗರದ ಸಮೋವಾ ದೇಶ ಸ್ವತಂತ್ರ ಆಗಿದ್ದು 1962ರ ಜನವರಿ 1ಕ್ಕೆ, ಸ್ವಾತಂತ್ರ್ಯ ದಿನ ಆಚರಿಸೋದು ಜೂನ್ 1ಕ್ಕೆ. ಅಲ್ಲಿ ಅಕ್ಟೋಬರ್ ಎರಡನೇ ಭಾನುವಾರ ಮಕ್ಕಳ ಹಬ್ಬ. ಆವತ್ತು ಮಕ್ಕಳಿಗೆ ಮೊದಲು ಬಡಿಸಿ ದೊಡ್ಡವರು ಆಮೇಲೆ ಉಣ್ತಾರೆ, ಮರುದಿನ ಸೋಮವಾರ ದೇಶಕ್ಕೆಲ್ಲ ರಜೆ. ಇದೆಲ್ಲ ಪಟ್ಟಿಯಲ್ಲಿ ಸಿಗುತ್ತೆ. ಆದರೆ ಅಲ್ಲಿನ ಹಳ್ಳಿಗಳಲ್ಲಿ ಸಂಜೆ ಪ್ರಾರ್ಥನೆಯ ಹೊತ್ತಿಗೆ ದಾರಿಯಲ್ಲಿ ಓಡಾಡಬಾರದು, ಪ್ರವಾಸಿಗರೂ ನಿಂತುಬಿಡಬೇಕು ಅನ್ನೋ ಪದ್ಧತಿ ಯಾವ ರಜೆ ಪಟ್ಟಿಯಲ್ಲೂ ಇರಲ್ಲ. ಅಲ್ಲಿಗೆ ಹೋಗೋರಿಗೆ ನಿಜಕ್ಕೂ ಬೇಕಾಗಿರೋದು ಎರಡನೇ ಥರದ ಮಾಹಿತಿ. ನಮ್ಮ ನಾಲ್ಕು ತಾಲ್ಲೂಕಿಗೂ ಹಾಗೇ.

ಜಾಗದ ಪರಿಚಯ ಬೇಗ ಮುಗಿಸ್ತೀನಿ. ಇಂಡಿ, ಸಿಂದಗಿ ಎರಡೂ ಮೇಲ್ಗಡೆ, ಭೀಮಾ ನದಿ ಕಡೆ. ಮುದ್ದೇಬಿಹಾಳ, ಬಾಗೇವಾಡಿ ಕೆಳಗಡೆ, ಕೃಷ್ಣಾ ನದಿ ಕಡೆ. ನಡುವೆ ಡೋಣಿ ಹೊಳೆ, ಕಪ್ಪು ಎರೆ ಮಣ್ಣು, ಬಿಳಿಜೋಳ. ಡೋಣಿ ಹರಿದ್ರೆ ಓಣಿ ತುಂಬ ಜೋಳ ಅನ್ನೋ ಮಾತೇ ಇದೆ. ಈಚೆಗೆ ಇವೇ ನಾಲ್ಕು ತಾಲ್ಲೂಕಿನಿಂದ ಚಡಚಣ, ದೇವರಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಅಂತ ಹೊಸ ತಾಲ್ಲೂಕು ಆಗಿವೆ, ಆದರೆ ಮಾತಾಡುವಾಗ ಜನ ಇನ್ನೂ ಹಳೇ ಹೆಸರೇ ಹೇಳ್ತಾರೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಇಂಡಿ ರೋಡ್, ಬಸವನಬಾಗೇವಾಡಿ ರೋಡ್ ಅಂತ ಸ್ಟೇಷನ್ ಇವೆ. ಸ್ಟೇಷನ್ ಹೆಸರಿನಲ್ಲಿ 'ರೋಡ್' ಅಂತ ಇದ್ರೆ ಊರು ಇನ್ನೂ ದೂರ ಇದೆ ಅಂತಲೇ ಅರ್ಥ, ಬ್ಯಾಗ್ ಹಾಕ್ಕೊಂಡು ಇಳಿದುಬಿಡಬೇಡಿ. ವಿಜಯಪುರಕ್ಕೆ ಬಂದು ಅಲ್ಲಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು ಹತ್ತೋದೇ ಸರಿಯಾದ ದಾರಿ. ಬಾಗೇವಾಡಿ ಹತ್ತಿರ, ಮುದ್ದೇಬಿಹಾಳ ಎಲ್ಲಕ್ಕಿಂತ ದೂರ.

ಒಂದೇ ಒಂದು ಹಬ್ಬಕ್ಕೆ ಹೋಗ್ತೀನಿ ಅನ್ನೋರಿಗೆ ನನ್ನ ಉತ್ತರ ಎಳ್ಳಮಾವಾಸ್ಯೆ. ಮಾತಲ್ಲಿ ಎಳ್ಳಮಾಸಿ. ಮಾರ್ಗಶಿರ ಮಾಸದ ಅಮಾವಾಸ್ಯೆ, ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲ ವಾರದ ಸುಮಾರಿಗೆ ಬರುತ್ತೆ. ಹಿಂಗಾರಿ ಜೋಳ ಆ ಹೊತ್ತಿಗೆ ಆಳೆತ್ತರ ಬೆಳೆದು ತೆನೆ ಹಿಡೀತಿರುತ್ತೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಅನ್ನೋದು ನಂಬಿಕೆ. ಹಾಗಾಗಿ ಮನೆಯಲ್ಲಿ ಎರಡು ಮೂರು ದಿನದಿಂದ ಅಡುಗೆ ನಡೆದಿರುತ್ತೆ: ಸಜ್ಜೆ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ, ಮೊಸರನ್ನ. ಇದನ್ನೆಲ್ಲ ಬುಟ್ಟಿಗೆ ತುಂಬಿ, ಮೇಲೆ ಬಿಳಿ ಬಟ್ಟೆ ಮುಚ್ಚಿ, ಚಕ್ಕಡಿಯಲ್ಲೋ ಟ್ರ್ಯಾಕ್ಟರ್‌ನಲ್ಲೋ ಮನೆಮಂದಿ ಎಲ್ಲ ಹೊಲಕ್ಕೆ ಹೋಗ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡ್ತಾರೆ. ಆಮೇಲೆ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು ಮುಂದೆ ನೀರು ಚಿಮುಕಿಸ್ತಾ, ಇನ್ನೊಬ್ಬರು ಹಿಂದೆ ಆ ಅನ್ನ ಚೆಲ್ಲುತ್ತಾ ಹೊಲದ ಸುತ್ತ ಕೂಗುತ್ತಾ ಹೋಗ್ತಾರೆ. ಇದೇ ಚರಗ ಚೆಲ್ಲೋದು. ಹಕ್ಕಿ, ಇರುವೆ, ಹುಳ ಎಲ್ಲಕ್ಕೂ ಪಾಲು ಸಿಕ್ಕ ಮೇಲೆ ಮನುಷ್ಯರ ಊಟ.

ಆವತ್ತು ಪ್ರವಾಸಿಗರಿಗೆ ಏನಾಗುತ್ತೆ ಅನ್ನೋದು ಗೊತ್ತಿರಬೇಕು. ಊರೊಳಗೆ ಹೋದ್ರೆ ಯಾರೂ ಸಿಗಲ್ಲ. ಓಣಿ ಖಾಲಿ, ಅಂಗಡಿ ಅರ್ಧ ಬಾಗಿಲು, ಸಣ್ಣ ಊರಾದ್ರೆ ಖಾನಾವಳಿಯೂ ಬಂದ್, ಯಾಕಂದ್ರೆ ಖಾನಾವಳಿಯವನಿಗೂ ಹೊಲ ಇರುತ್ತೆ. ಗೂಗಲ್ ಮ್ಯಾಪ್ಸ್ 'ಓಪನ್' ಅಂತ ತೋರಿಸ್ತಾ ಇರುತ್ತೆ ಪಾಪ. ಆದರೆ ರೋಡ್ ಬಿಟ್ಟು ಹೊಲದ ದಾರಿ ಹಿಡಿದ್ರೆ ನೂರು ಹೆಜ್ಜೆಗೊಬ್ಬರು "ಬರ್ರಿ, ಊಟಕ್ಕ ಬರ್ರಿ" ಅಂತ ಕರೀತಾರೆ. ಗುರುತಿಲ್ಲದವರನ್ನೂ ಕರೀತಾರೆ, ಅದು ಬಾಯಿಮಾತಿನ ಕರೆ ಅಲ್ಲ. ಮೊದಲ ಹೊಲದಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ, ಅದೊಂದು ಸ್ಟ್ರಾಟಜಿ. ಮುಂದಿನವರು ಕರೆದಾಗ ಒಂದು ತುತ್ತಾದ್ರೂ ತಿನ್ನಬೇಕಾಗುತ್ತೆ. ಚರಗ ಚೆಲ್ಲುವಾಗ ಅವರ ಹಿಂದೆ ನಡೀಬಹುದು, ಎದುರಿಗೆ ಅಡ್ಡ ಹೋಗಬಾರದು. ಚಪ್ಪಲಿ ಪೂಜೆಯ ಜಾಗದಿಂದ ದೂರ ಬಿಡಿ. ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಕೂರಬೇಕು, ಎರೆ ಮಣ್ಣಲ್ಲಿ ಆ ತಿಂಗಳು ಬಿರುಕು ಇರ್ತವೆ, ಫೋನು ಜೋಪಾನ.

ಈ ದಿನ ಸಾರ್ವತ್ರಿಕ ರಜೆ ಅಲ್ಲ. ಸೆಮಿಸ್ಟರ್ ಪರೀಕ್ಷೆ, ಲ್ಯಾಬ್ ಇಂಟರ್ನಲ್ಸ್ ಸರಿಯಾಗಿ ಇದೇ ಹೊತ್ತಿಗೆ ಇರ್ತವೆ. ನಮ್ಮ ಕಡೆಯ ಹುಡುಗರಿಗೆಲ್ಲ ಡಿಸೆಂಬರ್ ಕೊನೆಗೆ ಒಂದೇ ದಿನ ಒಟ್ಟಿಗೇ ಜ್ವರ ಬರೋದು ಯಾವ ಕಾಲೇಜಿನಲ್ಲಾದ್ರೂ ಅಟೆಂಡೆನ್ಸ್ ರಿಜಿಸ್ಟರ್ ನೋಡಿದವರಿಗೆ ಗೊತ್ತು. ನಗೋ ವಿಷಯವೇ, ಆದರೆ ನನಗೆ ಇದರಲ್ಲಿ ಸ್ವಲ್ಪ ಬೇಜಾರೂ ಇದೆ. ಬೆಂಗಳೂರಿಗೆ, ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯೋಕೆ ಹೋದವರು ಕೂಲಿ ಬಿಟ್ಟು ಈ ಹಬ್ಬಕ್ಕೆ ಬರ್ತಾರೆ. ಹಬ್ಬ ಮಾಡಿದವರಿಗೆ ಒಂದು ದಿನದ ಸಂಬಳ ಕಟ್, ನಮಗೆ ಒಂದು ದಿನದ ಅಟೆಂಡೆನ್ಸ್ ಕಟ್. ಎಲ್ಲ ಹಬ್ಬಕ್ಕೂ ರಜೆ ಕೊಡಿ ಅಂತಲ್ಲ. ಊರಿನ ಅತಿ ದೊಡ್ಡ ದಿನಕ್ಕೆ ಸುಳ್ಳು ಕಾರಣ ಹೇಳಿ ಹೋಗಬೇಕಾಗೋದು ಸರಿ ಕಾಣಲ್ಲ ಅಷ್ಟೇ. ಇದಕ್ಕೆ ತಮಾಷೆಯ ಇನ್ನೊಂದು ಮುಖ ಇದೆ. ಅಕ್ಟೋಬರ್ ಸುಮಾರಿಗೆ ಬರೋ ಸೀಗಿ ಹುಣ್ಣಿಮೆಯಲ್ಲೂ ಚರಗ ಚೆಲ್ಲುತ್ತಾರೆ, ಅದಕ್ಕೆ ರಜೆ ಸಿಗುತ್ತೆ! ಯಾಕಂದ್ರೆ ಅದೇ ಹುಣ್ಣಿಮೆಗೆ ವಾಲ್ಮೀಕಿ ಜಯಂತಿ ಬರುತ್ತೆ. ಕಾಲೇಜು ತಪ್ಪಿಸದೆ ಚರಗ ನೋಡಬೇಕು ಅನ್ನೋರು ಆವತ್ತು ಹೋಗಿ.

ಇನ್ನೊಂದು ಬದಲಾವಣೆ ಹೊಲದಲ್ಲೇ ಆಗ್ತಿದೆ. ಆಲಮಟ್ಟಿ, ನಾರಾಯಣಪುರದ ಕಾಲುವೆ ನೀರು ಬಂದ ಕಡೆ ಜೋಳದ ಜಾಗಕ್ಕೆ ಕಬ್ಬು ಬಂದಿದೆ. ಇಂಡಿ ಕಡೆ ಲಿಂಬೆ, ದ್ರಾಕ್ಷಿ, ದಾಳಿಂಬೆ ತೋಟ ಇವೆ, ಇಂಡಿ ಲಿಂಬೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ದುಡ್ಡಿನ ದೃಷ್ಟಿಯಿಂದ ಒಳ್ಳೇದೇ, ಯಾರೂ ಬೇಡ ಅನ್ನಲ್ಲ. ಆದರೆ ಎಳ್ಳಮಾಸಿ ಪೂರ್ತಿ ಹಿಂಗಾರಿ ಜೋಳದ ಲೆಕ್ಕದ ಹಬ್ಬ. ಬೆಳೆದು ನಿಂತ ಕಬ್ಬಿನ ಗದ್ದೆಯೊಳಗೆ ಬುಟ್ಟಿ ಹೊತ್ತು ಒಂದು ಸುತ್ತು ಹಾಕಿ ನೋಡಿ, ಮೈಯೆಲ್ಲ ಗೀರು. ಹೀಗಾಗಿ ಬದುವಿನ ಮೇಲೆ ನಿಂತು ನಾಲ್ಕು ದಿಕ್ಕಿಗೆ ಎಸೆದು ಬರೋರು ಇದ್ದಾರೆ. ಹಬ್ಬ ಹಾಗೇ ಇದೆ, ಹಬ್ಬಕ್ಕೆ ಕಾರಣವಾದ ಬೆಳೆ ಅಲ್ಲಿ ಇಲ್ಲ.

ಎತ್ತಿನ ಹಬ್ಬಗಳದ್ದೂ ಇದೇ ಕತೆ. ಜ್ಯೇಷ್ಠ ಮಾಸದ ಹುಣ್ಣಿಮೆ ಕಾರಹುಣ್ಣಿಮೆ, ಮುಂಗಾರಿನ ಹೊಸ್ತಿಲು. ಹಿಂದಿನ ದಿನ ಹೊನ್ನುಗ್ಗಿ, ಎತ್ತುಗಳ ಮೈ ತೊಳೆದು ಹುಗ್ಗಿ ತಿನ್ನಿಸ್ತಾರೆ. ಹುಣ್ಣಿಮೆ ದಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ, ಮೈಮೇಲೆ ಝೂಲ. ಸಂಜೆ ಊರ ಅಗಸಿಯಲ್ಲಿ, ಅಂದ್ರೆ ಊರಬಾಗಿಲಲ್ಲಿ, ಬೇವಿನ ತೊಪ್ಪಲು ಕೊಬ್ಬರಿ ಕಟ್ಟಿದ ಹಗ್ಗ ಅಡ್ಡ ಹಿಡೀತಾರೆ. ಎತ್ತುಗಳು ಓಡಿ ಬಂದು ಅದನ್ನು ಹರಿಯಬೇಕು, ಇದಕ್ಕೆ ಕರಿ ಹರಿಯೋದು ಅಂತಾರೆ. ಬಿಳಿ ಎತ್ತು ಮೊದಲು ಹರಿದ್ರೆ ಆ ವರ್ಷ ಜೋಳದಂಥ ಬಿಳಿ ಬೆಳೆ ಚೆನ್ನಾಗಿ ಬರುತ್ತೆ, ಕೆಂಪೆತ್ತು ಹರಿದ್ರೆ ತೊಗರಿಯಂಥ ಕೆಂಪು ಬೆಳೆ. ಒಂದು ಬಿಟ್ಟಿನ ಔಟ್‌ಪುಟ್, ವರ್ಷಕ್ಕೊಂದೇ ಸ್ಯಾಂಪಲ್. ಮಾಡೆಲ್ ನಿಖರವೋ ಅಲ್ಲವೋ ನೀವೇ ಹೇಳಿ, ಆದರೆ ಅದರ ಮೇಲೆ ಕಟ್ಟೆಯಲ್ಲಿ ಕೂತು ನಡೆಸೋ ಚರ್ಚೆ ಯಾವ ಕ್ರಿಕೆಟ್ ಮ್ಯಾಚಿಗೂ ಕಡಿಮೆ ಇರಲ್ಲ. ನೋಡೋಕೆ ಹೋದವರು ಒಂದು ಮಾತು ನೆನಪಿಡಿ: ಅಗಸಿಯ ಎದುರು ರೀಲ್ಸ್ ಮಾಡ್ತಾ ನಿಲ್ಲಬೇಡಿ. ಎತ್ತಿಗೆ ನಿಮ್ಮ ಫಾಲೋವರ್ಸ್ ಲೆಕ್ಕ ಇರಲ್ಲ. ಮನೆಯ ಮಾಳಿಗೆ ಹತ್ತಿ ನಿಲ್ಲಿ, ಕೇಳಿದ್ರೆ ಯಾರಾದ್ರೂ ಹತ್ತಿಸ್ತಾರೆ.

ಹದಿನೈದು ದಿನ ಕಳೆದ್ರೆ ಮಣ್ಣೆತ್ತಿನ ಅಮಾವಾಸ್ಯೆ. ಎರೆ ಮಣ್ಣಿನಲ್ಲಿ ಜೋಡಿ ಎತ್ತು ಮಾಡಿ, ಮುಂದೆ ಒಂದು ಗ್ವಾದಲಿ ಅಂದ್ರೆ ಮೇವಿನ ತೊಟ್ಟಿ ಮಾಡಿ, ಪೂಜೆ. ಮಕ್ಕಳ ಹಬ್ಬ ಇದು. ನಿಜವಾದ ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮನೆಯಲ್ಲೂ ಮಣ್ಣಿನ ಎತ್ತು ಬಿಟ್ಟಿಲ್ಲ. ಕಾರಹುಣ್ಣಿಮೆಗೆ ಟ್ರ್ಯಾಕ್ಟರ್ ತೊಳೆದು ಅದರ ಬಾನೆಟ್‌ಗೆ ಗೊಂಡೆ ಕಟ್ಟೋರನ್ನೂ ನೋಡಬಹುದು. ನಗಬೇಡಿ ಅಂತ ಹೇಳಲ್ಲ, ಅವರೂ ನಗ್ತಾನೇ ಕಟ್ಟಿರ್ತಾರೆ. ಆದರೆ ಕರಿ ಹರಿಯೋಕೆ ಟ್ರ್ಯಾಕ್ಟರ್ ಬಿಡೋಕೆ ಆಗಲ್ಲ. ಎತ್ತು ಕಡಿಮೆ ಆದ ಹಾಗೆ ಈ ಓಟಕ್ಕೆ ಬರೋ ಜೋಡಿಗಳೂ ಕಡಿಮೆ ಆಗ್ತಿವೆ, ನೋಡಬೇಕು ಅಂತಿದ್ರೆ ತಡ ಮಾಡಬೇಡಿ.

ಎತ್ತಿಗೆ ವಾರದ ರಜೆಯೂ ಇದೆ ಅಂದ್ರೆ ನಂಬ್ತೀರಾ? ನಮ್ಮ ಕಡೆ ಸೋಮವಾರ ಎತ್ತು ಹೂಡಲ್ಲ. ಎತ್ತು ಅಂದ್ರೆ ಬಸವಣ್ಣ, ಸೋಮವಾರ ಬಸವಣ್ಣನ ವಾರ. ನಮಗೆ ಭಾನುವಾರ ರಜೆ, ಅವುಗಳಿಗೆ ಸೋಮವಾರ, ನಮ್ಮ ಕ್ಯಾಲೆಂಡರ್ ಅವು ಕೇಳಿಲ್ಲ.

ಬಸವಣ್ಣ ಅಂದ ಮೇಲೆ ಬಾಗೇವಾಡಿಗೆ ಬರಬೇಕು. ವಚನಕಾರ ಬಸವಣ್ಣನವರು ಹುಟ್ಟಿದ ಊರು ಬಸವನಬಾಗೇವಾಡಿ, ತಾಯಿಯ ತವರು ಹತ್ತಿರದ ಇಂಗಳೇಶ್ವರ. ವೈಶಾಖ ಶುದ್ಧ ತದಿಗೆ ಬಸವ ಜಯಂತಿ. ಇದು ಸರ್ಕಾರಿ ಪಟ್ಟಿಯಲ್ಲೂ ಇದೆ, ಊರಿನ ಪಟ್ಟಿಯಲ್ಲೂ ಇದೆ, ಎರಡೂ ಒಪ್ಪುವ ಅಪರೂಪದ ದಿನ. ಸಾರ್ವಜನಿಕವಾಗಿ ಬಸವ ಜಯಂತಿ ಆಚರಿಸೋದು 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ್ ಮಂಜಪ್ಪನವರಿಂದ ಶುರುವಾಯ್ತು. ಅಂದ್ರೆ ಜಯಂತಿಯ ಮೆರವಣಿಗೆ ನೂರು ವರ್ಷ ಚಿಲ್ಲರೆ 'ಹೊಸ' ಪದ್ಧತಿ. ಆದರೆ ನಮ್ಮ ಹಳ್ಳಿಗಳಲ್ಲಿ ಆವತ್ತು ಬಸವಣ್ಣನವರ ಫೋಟೋದ ಜೊತೆಗೆ ಎತ್ತುಗಳನ್ನೂ ಸಿಂಗರಿಸಿ ಮೆರವಣಿಗೆ ಮಾಡ್ತಾರೆ, ಹೆಂಗಸರು ತೊಟ್ಟಿಲು ಕಟ್ಟಿ ನಾಮಕರಣದ ಹಾಡು ಹೇಳ್ತಾರೆ. ಎತ್ತಿನ ಬಸವಣ್ಣ, ವಚನದ ಬಸವಣ್ಣ ಇಬ್ಬರೂ ಒಂದೇ ದಿನ ಒಂದೇ ಬೀದಿಯಲ್ಲಿ. ಇದನ್ನು ಗೊಂದಲ ಅಂತ ಬೈಯೋರೂ ಇದ್ದಾರೆ. ನನಗೆ ಹಾಗನ್ನಿಸಲ್ಲ, ಕಾಯಕದ ಬಗ್ಗೆ ಮಾತಾಡಿದವರ ಹೆಸರು ದುಡಿಯೋ ಪ್ರಾಣಿಗೆ ಅಂಟಿಕೊಂಡಿದ್ರೆ ಏನು ತಪ್ಪು? ಅದಕ್ಕಿಂತ ನಗು ತರಿಸೋದು ಬೇರೆ: ಮುಹೂರ್ತ ನೋಡೋದನ್ನು ಒಪ್ಪದವರ ಜಯಂತಿ, ಅದೇ ಅಕ್ಷಯ ತೃತೀಯದ ದಿನ ಮುಹೂರ್ತ ನೋಡಿ ಬಂಗಾರ ಕೊಳ್ಳೋರ ಕ್ಯೂ. ಏಪ್ರಿಲ್ ಕೊನೆ, ಮೇ ಮೊದಲ ವಾರ ಅಂದ್ರೆ ಬಿಸಿಲು 40 ಡಿಗ್ರಿ ದಾಟಿರುತ್ತೆ. ಬೆಳಿಗ್ಗೆ ಬೇಗ ಗುಡಿ, ಸ್ಮಾರಕ ನೋಡಿಕೊಂಡು, ಮಧ್ಯಾಹ್ನ ಯಾರದಾದ್ರೂ ಮನೆಯ ಮಾವಿನ ಸೀಕರಣಿ ಉಂಡು ಮಲಗಿ, ಸಂಜೆ ಮತ್ತೆ ಹೊರಗೆ ಬನ್ನಿ. ಊರಿನ ಜಾತ್ರೆ ಮಾತ್ರ ಜಯಂತಿಗಲ್ಲ, ಶ್ರಾವಣದಲ್ಲಿ.

ಶ್ರಾವಣ ಅಂದ್ರೆ ಪಂಚಮಿ. ಬೆಂಗಳೂರು ಕಡೆಯ ಗೆಳೆಯರಿಗೆ ನಾಗರ ಪಂಚಮಿ ಅಂದ್ರೆ ಬೆಳಿಗ್ಗೆ ಒಂದು ತನಿ ಎರೆದು ಕಾಲೇಜಿಗೆ ಬರೋ ಹಬ್ಬ. ನಮ್ಮಲ್ಲಿ ಅದು ದೀಪಾವಳಿಗಿಂತ ದೊಡ್ಡದು, ಮೂರು ನಾಲ್ಕು ದಿನ ನಡೆಯುತ್ತೆ. ಮೊದಲು ರೊಟ್ಟಿ ಹಬ್ಬ, ಥರಾವರಿ ರೊಟ್ಟಿ ಪಲ್ಯ ಮಾಡಿ ಅಕ್ಕಪಕ್ಕದ ಮನೆಗಳಿಗೆ ಹಂಚೋದು. ಆಮೇಲೆ ಹಾಲೆರೆಯೋದು. ಶೇಂಗಾ ಉಂಡಿ, ಎಳ್ಳುಂಡಿ, ಪುಠಾಣಿ ಉಂಡಿ, ಬೂಂದಿ ಉಂಡಿ, ತಂಬಿಟ್ಟು, ಅಳ್ಳು. ಬೇವಿನ ಗಿಡಕ್ಕೆ, ಆಲದ ಗಿಡಕ್ಕೆ ಜೋಕಾಲಿ ಕಟ್ಟಿ ಹೆಣ್ಣುಮಕ್ಕಳು ಜೀಕ್ತಾರೆ, ನಿಂತುಕೊಂಡು, ಇಬ್ಬಿಬ್ಬರು, ನೋಡೋರಿಗೆ ಎದೆ ಝಲ್ಲೆನ್ನೋ ಎತ್ತರಕ್ಕೆ. ಗಂಡಸರಿಗೆ ಬೇರೆ ಆಟ: ಇಂತಿಷ್ಟು ಎಸೆತದಲ್ಲಿ ಲಿಂಬೆಹಣ್ಣನ್ನು ಇಷ್ಟು ದೂರ ಮುಟ್ಟಿಸ್ತೀನಿ ಅಂತ ಪಂದ್ಯ, ಕಣ್ಣು ಕಟ್ಟಿಕೊಂಡು ನಡೆಯೋ ಪಂದ್ಯ. ಪ್ರೊಜೆಕ್ಟೈಲ್ ಮೋಷನ್ ಓದಿದ್ದು ಇಲ್ಲಿ ಏನೂ ಕೆಲಸಕ್ಕೆ ಬರಲ್ಲ, ಹಳ್ಳಿ ಹುಡುಗರು ಸೋಲಿಸಿಬಿಡ್ತಾರೆ.

ಹಬ್ಬದ ತಿರುಳು ಇರೋದು ಬೇರೆ ಕಡೆ. ಅಣ್ಣ ಬಂದು ಕರ್ಕೊಂಡು ಹೋಗೋದು, ತವರಿಗೆ ಬರೋದು, ವರ್ಷಕ್ಕೊಮ್ಮೆ ಅಕ್ಕತಂಗಿಯರು ಒಟ್ಟಿಗೆ ಮಲಗಿ ರಾತ್ರಿಯಿಡೀ ಮಾತಾಡೋದು. ಹಳೇ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಅಂತ ಪುಸ್ತಕವಾಯ್ತು. ತವರಿನ ಬಗ್ಗೆ ಅಷ್ಟೊಂದು ಹಾಡು ಯಾಕಿದೆ ಅಂತ ತಿಳೀಬೇಕಾದ್ರೆ ಪಂಚಮಿ ಹಿಂದಿನ ದಿನ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಿಂತ್ರೆ ಸಾಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ಇಲ್ಲ, ಅಣ್ಣ ಬರೋವರೆಗೆ ಕಾಯೋ ಅಗತ್ಯವೂ ಇಲ್ಲ. ಹಾಗಾಗಿ ಆ ವಾರ ನಿಮಗೆ ಸೀಟ್ ಸಿಗಲ್ಲ, ಸಿಕ್ಕರೂ ಕೂರಬೇಡಿ, ಯಾರದೋ ಉಂಡಿ ಡಬ್ಬಿ ಇಟ್ಟುಕೊಳ್ಳೋಕೆ ಜಾಗ ಬೇಕಿರುತ್ತೆ.

ಮೊಹರಂ ಪಟ್ಟಿಯಲ್ಲಿ ಒಂದು ದಿನ ಇದೆ. ಊರಿನಲ್ಲಿ ಹತ್ತು ದಿನ. ಅಲಾಯಿ ಹಬ್ಬ ಅಂತಾರೆ. ಮಸೂತಿಯಲ್ಲಿ ದೇವರು ಕೂರಿಸ್ತಾರೆ, ಅದರ ಮುಂದೆ ಅಲಾಯಿ ಕುಣಿ ಅಗೆದು ಬೆಂಕಿ ಹಾಕ್ತಾರೆ. ಹಲಗೆ ಬಡಿತಕ್ಕೆ ಹೆಜ್ಜೆ ಹಾಕ್ತಾ, ಕರ್ಬಲಾದ ಕತೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡ್ತಾರೆ. ಹಾಡೋರಲ್ಲಿ, ಹರಕೆ ಹೊತ್ತವರಲ್ಲಿ, ಸಕ್ಕರೆ ಓದಿಸೋರಲ್ಲಿ ಹಿಂದೂಗಳು ಎಷ್ಟು, ಮುಸ್ಲಿಮರು ಎಷ್ಟು ಅಂತ ಎಣಿಸೋಕೆ ಹೋದ್ರೆ ನಿಮ್ಮನ್ನೇ ವಿಚಿತ್ರವಾಗಿ ನೋಡ್ತಾರೆ. ಉತ್ತರ ಕರ್ನಾಟಕದಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಈ ಹಬ್ಬ ನಡೆಯುತ್ತೆ. ಇವತ್ತಿನ ದಿನಗಳಲ್ಲಿ ಇದನ್ನು ನೋಡಬೇಕಾದ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ ಅಂದ್ಕೊಳ್ತೀನಿ. ನೋಡಬೇಕಾದ ಹೊತ್ತು ರಜೆಯ ಹಗಲಲ್ಲ, ಅದರ ಹಿಂದಿನ ರಾತ್ರಿ, ಖತಲ್ ರಾತ್ರಿ. ಹಾಡು, ಕುಣಿತ, ವೇಷ, ಚೋಂಗೆ ತಿನ್ನೋ ಮಕ್ಕಳು ಎಲ್ಲ ಇದ್ರೂ ಇದು ಮೂಲತಃ ಶೋಕದ ದಿನ. ಸ್ಟೇಟಸ್‌ನಲ್ಲಿ 'ಹ್ಯಾಪಿ ಮೊಹರಂ' ಹಾಕಬೇಡಿ, ಎದುರಿಗೆ ಹೇಳಲೂ ಬೇಡಿ. ದೇವರು ಹೊತ್ತವರು ಓಡಿ ಬರುವಾಗ ದಾರಿ ಬಿಡಿ. ಕುಣಿಯ ಹತ್ತಿರ ಚಪ್ಪಲಿ ಬೇಡ.

ಜಾತ್ರೆಗಳ ಬಗ್ಗೆ ಬರೆಯೋಕೆ ಹೋದ್ರೆ ಮುಗಿಯಲ್ಲ. ಇಂಡಿಗೆ ಶಾಂತೇಶ್ವರ, ತಾಳಿಕೋಟೆಗೆ ಖಾಸ್ಗತ, ಆಲಮಟ್ಟಿ ಹತ್ತಿರ ಯಲಗೂರಪ್ಪ, ದೇವರಹಿಪ್ಪರಗಿಗೆ ರಾವುತರಾಯ, ಪ್ರತಿ ಊರಿಗೂ ಒಂದು. ತೇರು ಎಳೆಯುವಾಗ ಕಳಸಕ್ಕೆ ಉತ್ತತ್ತಿ, ಬಾಳೆಹಣ್ಣು ಎಸೀತಾರೆ. ತಲೆಗೆ ಬಿದ್ರೆ ಪ್ರಸಾದ ಅಂದ್ಕೊಳ್ಳಿ. ತೇರಿನ ಗಾಲಿಯಿಂದ ಮಾತ್ರ ದೂರ ಇರಿ, ಹಗ್ಗ ಎಳೆಯೋ ಉತ್ಸಾಹದಲ್ಲಿ ಗಾಲಿಯ ಪಕ್ಕ ಹೋಗೋದು ತುಂಬ ಅಪಾಯ. ರಾತ್ರಿ ಕಂಪನಿ ನಾಟಕ, ಹಗಲು ಕುಸ್ತಿ, ಗುಂಡು ಎತ್ತೋದು, ತೆರಬಂಡಿ. ತೆರಬಂಡಿ ಅಂದ್ರೆ ಗಾಲಿ ತಿರುಗದ ಹಾಗೆ ಕಟ್ಟಿದ ಭಾರದ ಬಂಡಿಯನ್ನು ಎತ್ತುಗಳು ಎಳೆಯೋ ಸ್ಪರ್ಧೆ. ಫ್ರಿಕ್ಷನ್ ಬಗ್ಗೆ ಇದಕ್ಕಿಂತ ಒಳ್ಳೇ ಡೆಮೊ ನಾನು ನೋಡಿಲ್ಲ, ಆದರೆ ಎತ್ತುಗಳನ್ನು ಹೊಡೆಯೋದು ನೋಡೋಕಾಗಲ್ಲ, ನಾನು ಅಲ್ಲಿಂದ ಎದ್ದು ಬಂದುಬಿಡ್ತೀನಿ. ವಾಪಸ್ ಬರುವಾಗ ಜಾತ್ರೆಯಿಂದ ಫಳಾರ ತರಬೇಕು, ಚುರುಮುರಿ, ಬತ್ತಾಸು, ಬೆಂಡು, ಉತ್ತತ್ತಿ. ಬರಿಗೈಯಲ್ಲಿ ರೂಮಿಗೆ ಬಂದ್ರೆ ಜಾತ್ರೆಗೆ ಹೋಗಿದ್ದಕ್ಕೆ ಸಾಕ್ಷಿ ಇಲ್ಲ.

ಮನೆಗಳಲ್ಲಿ ಹೇಗಿರಬೇಕು ಅನ್ನೋದಕ್ಕೆ ಜಾಸ್ತಿ ನಿಯಮ ಇಲ್ಲ. ಹೋದ ತಕ್ಷಣ ಕೈಕಾಲಿಗೆ ನೀರು ಕೊಡ್ತಾರೆ, ತೊಳೆದುಕೊಂಡೇ ಒಳಗೆ ಹೋಗಿ. ಊಟದಲ್ಲಿ "ಸಾಕು" ಅಂದ್ರೆ "ಇನ್ನೊಂದು" ಅಂತ ಅರ್ಥ, ನಿಜವಾಗಿ ಸಾಕಾದಾಗ ಎರಡೂ ಕೈ ತಟ್ಟೆಗೆ ಅಡ್ಡ ಹಿಡೀಬೇಕು. ಹುಡುಗಿಯರು ಹೋದ್ರೆ ಹೊರಡುವಾಗ ಉಡಿ ತುಂಬ್ತಾರೆ, ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ. ಹುಡುಗರಿಗೆ ಟವೆಲ್, ಟೊಪ್ಪಿಗೆ. "ಅಯ್ಯೋ ಬೇಡ ಆಂಟಿ" ಅಂತ ನಿರಾಕರಿಸಬೇಡಿ, ಅವರಿಗೆ ಬೇಜಾರಾಗುತ್ತೆ. ದಸರೆಗೆ ಹೋದ್ರೆ ಬನ್ನಿ ಎಲೆ, ಸಂಕ್ರಾಂತಿಗೆ ಹೋದ್ರೆ ಕುಸುರೆಳ್ಳು ಕೈಗಿಟ್ಟು ದೊಡ್ಡವರ ಕಾಲು ಮುಟ್ಟೋದು ಪದ್ಧತಿ, ಮುಟ್ಟಿಸಿಕೊಂಡವರು ತಿರುಗಿ ಏನಾದ್ರೂ ಕೊಟ್ಟೇ ಕೊಡ್ತಾರೆ.

ಹಬ್ಬದ ದಿನ ಪರಊರಿನ ವಿದ್ಯಾರ್ಥಿಗೆ ಊಟ ಹಾಕೋದು ಈ ಮಣ್ಣಲ್ಲಿ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, 945ರ ಶಾಸನ ಸಿಕ್ಕಿದೆ. ಅಲ್ಲಿ ಒಂದು ದೊಡ್ಡ ಶಾಲೆ ಇತ್ತು, ದೂರದ ನಾಡುಗಳಿಂದ ವಿದ್ಯಾರ್ಥಿಗಳು ಬರ್ತಿದ್ರು, ಅವರಿಗಾಗಿ 27 ವಸತಿಗಳಿದ್ವು. ಅಂದ್ರೆ ಹಾಸ್ಟೆಲ್! ರಾತ್ರಿ ದೀಪದ ಖರ್ಚಿಗೇ ಬೇರೆ ಭೂಮಿ ಬಿಟ್ಟಿದ್ರು. ಊರಿನಲ್ಲಿ ಮದುವೆ, ಮುಂಜಿ ಆದಾಗ ಶಾಲೆಗೆ ಇಂತಿಷ್ಟು ಕೊಡಬೇಕು ಅಂತ ಕಲ್ಲಿನ ಮೇಲೆ ಬರೆಸಿದ್ದಾರೆ. ಅದು ವೇದ ಓದುವ ಬ್ರಾಹ್ಮಣ ಹುಡುಗರ ಶಾಲೆ, ಎಲ್ಲರಿಗೂ ಬಾಗಿಲು ಇರಲಿಲ್ಲ ಅನ್ನೋದೂ ಅಷ್ಟೇ ನಿಜ. ಎಳ್ಳಮಾಸಿಯ ಹೊಲದಲ್ಲಿ ಊಟಕ್ಕೆ ಕರೆಯೋರು ಯಾವ ಕಾಲೇಜು, ಯಾವ ಬ್ರ್ಯಾಂಚ್, ಯಾರ ಮಗ ಅಂತ ಕೇಳೋದು ತಟ್ಟೆಗೆ ಬಡಿಸಿದ ಮೇಲೇ.

ದಿನಾಂಕ ಗೊತ್ತಾಗೋಕೆ ಆ್ಯಪ್ ನಂಬೋದಕ್ಕಿಂತ ಆ ಕಡೆಯ ಗೆಳೆಯರನ್ನೇ ಕೇಳಿ, "ಈ ಸಲ ಅಮಾಸಿ ಎಂದ?" ಅಂತ. ತಿಥಿ ಎರಡು ದಿನಕ್ಕೆ ಹಂಚಿಹೋದಾಗ ಒಂದು ಊರು ಇವತ್ತು ಮಾಡಿದ್ರೆ ಪಕ್ಕದ ಊರು ನಾಳೆ ಮಾಡೋದುಂಟು. ಮೊಹರಂಗೆ ಚಂದ್ರ ಕಾಣಬೇಕು. ಬರುವಾಗ ಬುತ್ತಿ ಕಟ್ಟೇ ಕಟ್ತಾರೆ. ಹೋಳಿಗೆ ನಾಲ್ಕು ದಿನದೊಳಗೆ ಮುಗಿಸಿ. ಖಡಕ್ ರೊಟ್ಟಿ ತಿಂಗಳು ಇಟ್ಟರೂ ಕೆಡಲ್ಲ, ಆದರೆ ಬಸ್ಸಿನ ಮೇಲಿನ ಕ್ಯಾರಿಯರ್‌ಗೆ ಹಾಕಬೇಡಿ, ಬಾಗೇವಾಡಿ ದಾಟೋ ಹೊತ್ತಿಗೆ ಪುಡಿ ಆಗಿರುತ್ತೆ. ತೊಡೆ ಮೇಲೆ ಇಟ್ಟುಕೊಂಡು ಬನ್ನಿ.